ಬಾಗಿದ ಟೈ ರಾಡ್, ತುಂಡಾದ ಸೆಂಟರ್ ಬೋಲ್ಟ್: ತೋಟದ ಜೀಪೊಂದರ ಸ್ಟೇರಿಂಗ್ ರಿಪೇರಿ

ಕೊಪ್ಪ ತಾಲ್ಲೂಕಿನ ಒಂದು ಅಡಿಕೆ ತೋಟದಲ್ಲಿ ನಡೆದ ರಿಪೇರಿಯ ವಿವರ ಇದು. ವಾಹನ ಹಳೆಯ ಮಹೀಂದ್ರ ಜೀಪು. ಡೀಸೆಲ್ ಎಂಜಿನ್, ನಾಲ್ಕೂ ಕಡೆ ಪ್ಲೇಟ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ್ದು), ಪವರ್ ಸ್ಟೇರಿಂಗ್ ಇಲ್ಲ. ಮಹೀಂದ್ರದವರು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ತೊಡಗಿದರು. ಆ ಕಾಲದ ಸ್ಟೇರಿಂಗ್ ವಿನ್ಯಾಸ ಆಮೇಲೆಯೂ ಬಹಳ ವರ್ಷ ಉಳಿಯಿತು, ಈ ಗಾಡಿಯಲ್ಲೂ ಅದೇ ಇದೆ. ಮಲೆನಾಡಿನಲ್ಲಿ ಇಂಥ ಜೀಪು ಗೊಬ್ಬರ ಹೊರುತ್ತದೆ, ಅಡಿಕೆ ಗೊನೆ ಹೊರುತ್ತದೆ, ಕೆಲಸದವರನ್ನು ಕೂರಿಸಿಕೊಂಡು ಗುಡ್ಡ ಹತ್ತುತ್ತದೆ, ರಾತ್ರಿ ಯಾರಿಗಾದರೂ ಹುಷಾರು ತಪ್ಪಿದರೆ ಆಸ್ಪತ್ರೆಗೂ ಹೋಗುತ್ತದೆ. ಹಾಗಾಗಿ ‘ತೋಟದೊಳಗೆ ಓಡುವ ಗಾಡಿ ತಾನೆ’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಸ್ಟೇರಿಂಗ್ ಕೈಕೊಟ್ಟರೆ ಹೆದ್ದಾರಿಗಿಂತ ಇಳಿಜಾರಿನ ತೋಟದ ದಾರಿಯೇ ಹೆಚ್ಚು ಅಪಾಯ. ಒಂದು ಬದಿ ಎತ್ತರದ ಧರೆ, ಇನ್ನೊಂದು ಬದಿ ತೋಡು.

ಜೀಪು ನನ್ನ ಅಕ್ಕನ ಮನೆಯದು. ಪುನರ್ವಸು ಮಳೆ ಹಿಡಿದಿತ್ತು. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವ ಎರಡನೆಯ ಸುತ್ತು ಬಾಕಿ ಇದ್ದುದರಿಂದ, ಮಳೆ ಸ್ವಲ್ಪ ಹೊಳವಾದರೆ ತಕ್ಷಣ ಶುರುಮಾಡಲೆಂದು ಅಳಿಯ ಖಾಲಿ ಡ್ರಮ್ಮು, ಸ್ಪ್ರೇ ಮೋಟಾರು ಹೇರಿಕೊಂಡು ಮೇಲಿನ ತೋಟಕ್ಕೆ ಹೊರಟಿದ್ದ. ದಾರಿಯ ಎಡ ಅಂಚು ನೀರು ಕುಡಿದು ಮೆತ್ತಗಾಗಿ ಕುಸಿಯಿತು. ಮುಂದಿನ ಎಡಗಾಲಿ ಚರಂಡಿಗಿಳಿದು, ಚರಂಡಿ ಹಿಡಿದುಕೊಂಡೇ ಸ್ವಲ್ಪ ದೂರ ಹೋಗಿ, ಮೋರಿಯ ಕಲ್ಲಿಗೆ ಎದುರಿನಿಂದ ಬಡಿದು ನಿಂತಿತು. ವೇಗ ಇರಲಿಲ್ಲ, ಯಾರಿಗೂ ಪೆಟ್ಟಾಗಲಿಲ್ಲ.

“ಮಾವ, ಸ್ಟೇರಿಂಗ್ ನೆಟ್ಟಗೆ ಹಿಡಿದ್ರೆ ಗಾಡಿ ಎಡಕ್ಕೆ ಎಳೀತದೆ. ಟೈ ರಾಡ್ ಬಾಗಿದೆ, ಅಷ್ಟೇ ಕಾಣ್ತದೆ,” ಎಂದು ಅವನು ಫೋನ್ ಮಾಡಿದ. ಕಂಡದ್ದನ್ನು ಸರಿಯಾಗಿಯೇ ಹೇಳಿದ್ದ. ಆದರೆ ಇಂಥ ಪ್ರಕರಣದಲ್ಲಿ ‘ಅಷ್ಟೇ’ ಎಂಬ ಪದವನ್ನು ನಂಬುವಂತಿಲ್ಲ.

ಪೆಟ್ಟು ಹೋದ ದಾರಿ

ಈ ಜೀಪಿನ ಸ್ಟೇರಿಂಗ್ ಕೆಲಸ ಮಾಡುವ ರೀತಿ ತಿಳಿದರೆ ಮುಂದಿನದೆಲ್ಲ ಸುಲಭ. ಸ್ಟೇರಿಂಗ್ ತಿರುಗಿಸಿದಾಗ ಸ್ಟೇರಿಂಗ್ ಬಾಕ್ಸಿನಿಂದ ಹೊರಗೆ ಬಂದಿರುವ ಡ್ರಾಪ್ ಆರ್ಮ್ ಹಿಂದೆ ಮುಂದೆ ಆಡುತ್ತದೆ. ಅದರ ತುದಿಗೆ ಡ್ರಾಗ್ ಲಿಂಕ್. ಡ್ರಾಗ್ ಲಿಂಕಿನ ಇನ್ನೊಂದು ತುದಿ ಮುಂಭಾಗದ ನಡುವೆ ಇರುವ ಬೆಲ್ ಕ್ರ್ಯಾಂಕಿಗೆ ಸೇರುತ್ತದೆ. ಉದ್ದಕ್ಕೆ ಬಂದ ಚಲನೆಯನ್ನು ಅಡ್ಡಕ್ಕೆ ತಿರುಗಿಸುವುದು ಬೆಲ್ ಕ್ರ್ಯಾಂಕಿನ ಕೆಲಸ. ಅಲ್ಲಿಂದ ಎಡಕ್ಕೊಂದು, ಬಲಕ್ಕೊಂದು ಟೈ ರಾಡ್ ಹೊರಟು ಗಾಲಿಯ ಸ್ಟೇರಿಂಗ್ ಆರ್ಮನ್ನು ಹಿಡಿದು ತಿರುಗಿಸುತ್ತವೆ.

ಗಾಲಿ ಕಲ್ಲಿಗೆ ಬಡಿದಾಗ ಇದೇ ದಾರಿಯಲ್ಲಿ ಪೆಟ್ಟು ತಿರುಗಿ ಬರುತ್ತದೆ. ಮೊದಲು ಟಯರು, ಆಮೇಲೆ ಡಿಸ್ಕು (ಟಯರು ಕೂರುವ ಲೋಹದ ಚಕ್ರ), ಹಬ್ಬು (ಗಾಲಿ ಕೂರುವ ನಡುಭಾಗ) ಮತ್ತು ಬೇರಿಂಗು, ಕಿಂಗ್ ಪಿನ್ (ಗಾಲಿ ಎಡಬಲ ತಿರುಗುವ ಕೀಲು), ಸ್ಟೇರಿಂಗ್ ಆರ್ಮ್, ಟೈ ರಾಡ್, ಬೆಲ್ ಕ್ರ್ಯಾಂಕ್, ಡ್ರಾಗ್ ಲಿಂಕ್, ಡ್ರಾಪ್ ಆರ್ಮ್, ಬಾಕ್ಸು, ಕೊನೆಗೆ ಬಾಕ್ಸನ್ನು ಚಾಸಿಗೆ ಹಿಡಿದ ಬೋಲ್ಟುಗಳು. ಈ ಸಾಲಿನಲ್ಲಿ ದುರ್ಬಲವಾದದ್ದು ಮೊದಲು ಮಣಿಯುತ್ತದೆ. ಮಣಿದದ್ದು ಕಣ್ಣಿಗೆ ಬೀಳುತ್ತದೆ, ಉಳಿದವು ಪೆಟ್ಟು ತಿಂದರೂ ಸುಮ್ಮನೆ ಇರುತ್ತವೆ. ಪೆಟ್ಟಿಗೆ ಇನ್ನೊಂದು ದಾರಿಯೂ ಇದೆ, ಹೆಚ್ಚಿನವರು ನೋಡದೆ ಬಿಡುವುದು ಅದನ್ನೇ. ಗಾಲಿಯನ್ನು ಹಿಂದಕ್ಕೆ ತಳ್ಳಿದ ಬಲ ಆಕ್ಸಲನ್ನೂ ಹಿಂದಕ್ಕೆ ತಳ್ಳುತ್ತದೆ. ಆಕ್ಸಲನ್ನು ತನ್ನ ಜಾಗದಲ್ಲಿ ಹಿಡಿದಿಡುವುದು ಸ್ಪ್ರಿಂಗಿನ ಯು ಬೋಲ್ಟುಗಳು ಮತ್ತು ಒಂದು ಸಣ್ಣ ಸೆಂಟರ್ ಬೋಲ್ಟು.

ಮೊದಲು ಗಾಡಿಯನ್ನು ಶೆಡ್ಡಿಗೆ ತರಬೇಕಿತ್ತು. ಗಾಲಿಗಳೆರಡೂ ಎರಡು ದಿಕ್ಕು ನೋಡುತ್ತಿದ್ದವು, ಬಲದ್ದು ನೇರ ಇದ್ದರೆ ಎಡದ್ದರ ಮುಂಭಾಗ ಹೊರಕ್ಕೆ. ಟೈ ರಾಡಿನ ಒಂದು ತುದಿಯಲ್ಲಿ ಬಲ ಮರೆ (ಬಲಕ್ಕೆ ತಿರುಗಿಸಿದರೆ ಬಿಗಿಯುವ ಸ್ಕ್ರೂ ಸುರುಳಿ), ಇನ್ನೊಂದು ತುದಿಯಲ್ಲಿ ಎಡ ಮರೆ ಇರುವುದರಿಂದ, ಕ್ಲ್ಯಾಂಪ್ ಸಡಿಲಿಸಿ ರಾಡನ್ನು ಪೈಪ್ ರಿಂಚಿನಿಂದ ತಿರುಗಿಸಿದರೆ ಜಾಯಿಂಟ್ ಕಳಚದೆಯೇ ಉದ್ದ ಹೆಚ್ಚುಕಡಿಮೆ ಆಗುತ್ತದೆ. ಬಾಗಿದ ರಾಡನ್ನೇ ಹಾಗೆ ಉದ್ದ ಮಾಡಿ, ಗಾಲಿಗಳು ಕಣ್ಣಂದಾಜಿಗೆ ಸಮ ಬಂದ ಮೇಲೆ, ಹಿಂದಿನಿಂದ ಹಗ್ಗ ಕಟ್ಟಿ ಹಿಡಿದು, ಮುಂದೆ ನಾಲ್ಕು ಜನ ನಿಂತು ನಡಿಗೆಯ ವೇಗದಲ್ಲಿ ತಂದರು. ಎಂಜಿನ್ ಹಾಕಿ ಓಡಿಸಲಿಲ್ಲ.

ಕೈಯಿಟ್ಟು ನೋಡುವುದು

ಶೆಡ್ಡಿನ ಸಿಮೆಂಟ್ ನೆಲ ಸಮ ಇದ್ದದ್ದು ಈ ಕೆಲಸಕ್ಕೆ ದೊಡ್ಡ ಅನುಕೂಲ. ಮೊದಲ ಪರೀಕ್ಷೆಗೆ ಜಾಕ್ ಬೇಡ. ಗಾಲಿಗಳು ನೆಲದ ಮೇಲೇ ಇರಬೇಕು, ಎಂಜಿನ್ ಆಫ್. ಒಬ್ಬರು ಸ್ಟೇರಿಂಗನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ಆಡಿಸುತ್ತಿರಬೇಕು, ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿನ ಮೇಲೆ ಅಂಗೈ ಇಡಬೇಕು. ಜಾಯಿಂಟಿನ ಎರಡು ಭಾಗ ಒಟ್ಟಿಗೇ ಚಲಿಸಿದರೆ ಕೈಗೆ ಏನೂ ಗೊತ್ತಾಗುವುದಿಲ್ಲ. ಒಂದು ಮೊದಲು, ಇನ್ನೊಂದು ಆಮೇಲೆ ಹೊರಟರೆ ಆ ‘ಟಿಕ್’ ಅಂಗೈಗೆ ಸ್ಪಷ್ಟವಾಗಿ ಸಿಗುತ್ತದೆ. ಕಣ್ಣಿಗೆ ಕಾಣದ ಪ್ಲೇ (ಸಡಿಲದಿಂದಾಗುವ ಅಲುಗಾಟ) ಕೈಗೆ ಸಿಗುತ್ತದೆ ಎಂಬುದು ಇಲ್ಲಿ ಅಕ್ಷರಶಃ ನಿಜ. ಎಡ ಟೈ ರಾಡಿನ ಹೊರತುದಿಯ ಜಾಯಿಂಟ್ ಬಡಿಯುತ್ತಿತ್ತು, ಅದರ ರಬ್ಬರ್ ಬೂಟು ಹರಿದು ಗ್ರೀಸಿನ ಜೊತೆ ಕೆಂಪು ಮಣ್ಣು ಸೇರಿತ್ತು. ಬೆಲ್ ಕ್ರ್ಯಾಂಕಿನ ಬುಷ್ಷಿನಲ್ಲಿ ತುಸು ಸವೆತ ಕಂಡಿತು. ಅದು ಹಳೆಯ ಸವೆತ, ಈ ಪೆಟ್ಟಿನದಲ್ಲ; ಹೊಸದಾಗಿ ಒರೆಸಿದಂಥ ಹೊಳಪಿನ ಗುರುತು ಅಲ್ಲಿರಲಿಲ್ಲ. ಬಾಕ್ಸಿನ ಬೋಲ್ಟುಗಳು ಗಟ್ಟಿ ಇದ್ದವು, ಅವುಗಳ ಸುತ್ತ ಬಣ್ಣ ಬಿರಿದಿರಲಿಲ್ಲ. ಬಣ್ಣ ಬಿರಿಯದಿರುವುದು, ತುಕ್ಕಿನ ಗೆರೆ ಮುರಿಯದಿರುವುದು ಇಂಥ ಕಡೆ ಒಳ್ಳೆಯ ಸಾಕ್ಷಿ.

ಎರಡನೆಯದು ಗಾಲಿ ಎತ್ತಿ ನೋಡುವ ಪರೀಕ್ಷೆ. ಜಾಕಿನಿಂದ ಎತ್ತಿ, ಆಕ್ಸಲಿನ ಕೆಳಗೆ ಸ್ಟ್ಯಾಂಡ್ ಕೊಟ್ಟು, ಹಿಂದಿನ ಗಾಲಿಗಳಿಗೆ ಮುಂದೆ ಹಿಂದೆ ಕಲ್ಲು ಇಟ್ಟ ಮೇಲೆಯೇ ಕೆಳಗೆ ಹೋಗಬೇಕು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಕೈ ಕೂಡ ಹಾಕಬಾರದು. ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಪ್ಲೇ ಬಂದರೆ ಅದು ವೀಲ್ ಬೇರಿಂಗಿನದೋ ಕಿಂಗ್ ಪಿನ್ನಿನದೋ ಎಂಬ ಪ್ರಶ್ನೆ ಏಳುತ್ತದೆ. ಆಗ ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗು, ಹಾಗೇ ಉಳಿದರೆ ಕಿಂಗ್ ಪಿನ್. ಇಲ್ಲಿ ಬಂದ ಅಲ್ಪ ಪ್ಲೇ ಬ್ರೇಕ್ ಒತ್ತಿದಾಗ ಹೋಯಿತು, ಬೇರಿಂಗ್ ನಟ್ ಬಿಗಿ ಮಾಡಿದ್ದರಲ್ಲೇ ಮುಗಿಯಿತು.

ಎತ್ತಿದ ಗಾಲಿಯನ್ನು ತಿರುಗಿಸಿ, ಡಿಸ್ಕಿನ ಅಂಚಿಗೆ ತಾಗೀತಾಗದ ಹಾಗೆ ಒಂದು ಕಡ್ಡಿಯನ್ನು ಇಟ್ಟಿಗೆಯ ಮೇಲೆ ಇಟ್ಟು ನೋಡಿದಾಗ ಒಂದು ಕಡೆ ಕಡ್ಡಿ ತಾಗುತ್ತಿತ್ತು, ಎದುರು ಕಡೆ ಸಂದು ಬಿಡುತ್ತಿತ್ತು. ಡಿಸ್ಕು ಸೊಟ್ಟಗಾಗಿದೆ ಎಂದು ಗೊತ್ತಾಯಿತು. ಟಯರಿನ ಒಳಬದಿಯಲ್ಲಿ ಉಬ್ಬು, ಸೀಳು ಇರಲಿಲ್ಲ.

ಆಮೇಲಿನದು ಈ ಇಡೀ ಪ್ರಕರಣದ ಮುಖ್ಯ ಅಳತೆ. ಹಿಂದಿನ ಆಕ್ಸಲಿನ ನಡುವಿನಿಂದ ಮುಂದಿನ ಆಕ್ಸಲಿನ ನಡುವಿಗೆ ಎಷ್ಟು ದೂರ ಎಂದು ಎರಡೂ ಬದಿಯಲ್ಲಿ ಅಳೆಯುವುದು. ಗಾಡಿಯ ಕೆಳಗೆ ಟೇಪ್ ಎಳೆದರೆ ಏನಾದರೂ ಅಡ್ಡ ಬರುತ್ತದೆ. ಅದಕ್ಕೆ ಗಾರೆ ಕೆಲಸದವರ ತೂಗುಗುಂಡು ಬೇಕು. ನಾಲ್ಕೂ ಹಬ್ಬಿನ ನಡುವಿನಿಂದ ತೂಗುಗುಂಡು ಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಗುರುತುಗಳ ನಡುವೆ ಟೇಪ್ ಹಿಡಿದೆವು. ಬಲಗಡೆಗಿಂತ ಎಡಗಡೆ ಸುಮಾರು ಅರ್ಧ ಇಂಚು ಕಡಿಮೆ.

ಅಳಿಯ ಟೇಪನ್ನು ಮತ್ತೆ ಹಿಡಿದು ನೋಡಿದ. ಅದೇ ಬಂತು. “ಟೈ ರಾಡ್ ಬಾಗಿದ್ರೆ ಇದು ಹೇಗೆ ಕಮ್ಮಿ ಆಗ್ತದೆ ಮಾವ?” ಎಂದ. ಪ್ರಶ್ನೆ ಸರಿಯಾಗಿತ್ತು, ಆಗುವುದಿಲ್ಲ. ಟೈ ರಾಡಿಗೂ ಈ ಅಳತೆಗೂ ಸಂಬಂಧವೇ ಇಲ್ಲ. ಎಡ ಸ್ಪ್ರಿಂಗಿನ ಬಳಿ ತಂತಿ ಬ್ರಷ್ ಹಾಕಿ ಮಣ್ಣು ತೆಗೆದಾಗ, ಪ್ಲೇಟುಗಳಿಗೆ ತಾಗಿ ಕೂರುವ ಆಕ್ಸಲಿನ ಪ್ಯಾಡು ಹಿಂದಕ್ಕೆ ಜಾರಿದ್ದು ಕಂಡಿತು. ಜಾರಿದ ಜಾಗದಲ್ಲಿ ಕಬ್ಬಿಣ ಬೆಳ್ಳಗೆ ಹೊಳೆಯುತ್ತಿತ್ತು, ಅದರ ಪಕ್ಕದಲ್ಲೇ ಹಳೆಯ ಕಪ್ಪು. ಯು ಬೋಲ್ಟಿನ ನಟ್ಟುಗಳಿಗೆ ಪಾನಾ ಹಾಕಿದರೆ ಸುಲಭವಾಗಿ ತಿರುಗಿದವು.

ಹೀಗಾಗುವುದು ಅಪರೂಪವಲ್ಲ. ಪ್ಲೇಟುಗಳು ಒಂದರ ಮೇಲೊಂದು ಒತ್ತಿ ಕೂತಿರುವಂತೆ, ಆಕ್ಸಲು ಜಾರದಂತೆ ಹಿಡಿಯುವುದು ನಿಜವಾಗಿ ಯು ಬೋಲ್ಟುಗಳ ಬಿಗಿತ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂತು ಜಾಗ ತೋರಿಸುತ್ತದೆ, ಅಷ್ಟೇ ಅದರ ಕೆಲಸ. ಯು ಬೋಲ್ಟು ಸಡಿಲವಾದರೆ ಇಡೀ ಭಾರ ಆ ಸಣ್ಣ ಬೋಲ್ಟಿನ ಕತ್ತಿನ ಮೇಲೆ ಬೀಳುತ್ತದೆ. ಒಂದು ಕಲ್ಲಿನ ಪೆಟ್ಟು ಸಾಕು, ಕತ್ತರಿಸಿ ಹೋಗುತ್ತದೆ.

ಟೈ ರಾಡ್ ಮಾತ್ರ ಬದಲಿಸಿ, ಗಾಲಿಗಳನ್ನು ಒಂದಕ್ಕೊಂದು ಸಮ ಮಾಡಿದ್ದರೆ ಟೇಪಿನ ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಆಕ್ಸಲೇ ಓರೆಯಾಗಿ ಕೂತಿರುವಾಗ ಗಾಡಿ ಎಡಕ್ಕೆ ಎಳೆಯುವುದು ನಿಲ್ಲುತ್ತಿರಲಿಲ್ಲ. ಮುಂದೆ ಯಾವತ್ತೋ ಒಂದು ದಿನ ತುಂಬಿದ ಡ್ರಮ್ಮು ಹೇರಿಕೊಂಡು ಇಳಿಜಾರಿನಲ್ಲಿ ಬ್ರೇಕ್ ಹಾಕಿದಾಗ ಆಕ್ಸಲು ಇನ್ನಷ್ಟು ಜಾರುತ್ತಿತ್ತು. 200 ಲೀಟರಿನ ಡ್ರಮ್ಮು ತುಂಬಿದರೆ ದ್ರಾವಣದ ತೂಕವೇ 200 ಕಿಲೋ ದಾಟುತ್ತದೆ. ಅದು ಜೀಪಿನ ಹಿಂಭಾಗದಲ್ಲಿ ತುಳುಕುತ್ತಿರುವಾಗ ಮುಂದಿನ ಆಕ್ಸಲು ಸಡಿಲ ಇರುವುದನ್ನು ಊಹಿಸಿದರೇ ಎದೆ ಝಲ್ಲೆನ್ನುತ್ತದೆ.

ಕುಲುಮೆ ಬೇಡ ಎಂದದ್ದೇಕೆ

ಭಾವನಿಗೆ ಅವಸರವಿತ್ತು, ಅದರಲ್ಲಿ ತಪ್ಪೇನೂ ಇಲ್ಲ. ಕೊಳೆ ಹತ್ತಿದರೆ ವರ್ಷದ ಫಸಲು ಉದುರುತ್ತದೆ.

“ಕುಲುಮೆಯಲ್ಲಿ ಕಾಯ್ಸಿ ನೆಟ್ಟಗೆ ಮಾಡ್ಸಿದ್ರೆ ಆಯ್ತಲ್ಲ ಮಾರಾಯ. ಮೊದ್ಲೆಲ್ಲ ಹಾಗೇ ಮಾಡ್ತಿದ್ದದ್ದು. ಸಂಜೆಯೊಳಗೆ ಗಾಡಿ ರೆಡಿ.”

“ರಾಡು ನೆಟ್ಟಗೇನೋ ಆಗ್ತದೆ ಭಾವ, ಆದ್ರೆ ಮೊದಲಿನ ಗಟ್ಟಿ ಬರೋದಿಲ್ಲ. ನೀವು ಮುಂದೆ ಕೂತು ಹೋಗುವ ಗಾಡಿ ಇದು.”

ಕಾರಣ ಹೀಗೆ. ಟೈ ರಾಡು ಟೊಳ್ಳು ಕೊಳವೆ. ಒಮ್ಮೆ ಬಾಗಿದಾಗ ಬಾಗಿನ ಜಾಗದಲ್ಲಿ ದುಂಡಗಿದ್ದದ್ದು ಚಪ್ಪಟೆಯಾಗುತ್ತದೆ, ಒಳಮೈ ಸುಕ್ಕು ಬೀಳುತ್ತದೆ. ನೆಟ್ಟಗೆ ಮಾಡಿದರೂ ಆ ಸುಕ್ಕು ಹೋಗುವುದಿಲ್ಲ, ಮುಂದಿನ ಸಲ ಇದಕ್ಕಿಂತ ಸಣ್ಣ ಪೆಟ್ಟಿಗೆ ಅಲ್ಲೇ ಮಡಚುತ್ತದೆ. ಸ್ಟೇರಿಂಗ್ ಆರ್ಮ್, ಡ್ರಾಪ್ ಆರ್ಮ್‌ಗಳ ಮಾತು ಇನ್ನೂ ಗಂಭೀರ. ಅವು ಫೋರ್ಜ್ ಮಾಡಿ (ಕಾಯಿಸಿ ಬಡಿದು ರೂಪ ಕೊಟ್ಟು), ಲೆಕ್ಕ ಹಾಕಿದ ಬಿಸಿಯಲ್ಲಿ ಹದಗೊಳಿಸಿದ ಉಕ್ಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದರೆ ಆ ಹದ ಹೋಗುತ್ತದೆ. ಕಾದದ್ದನ್ನು ನೀರಿಗೆ ಅದ್ದಿದರೆ ಗಡಸಾಗಿ ಬಿರುಕು ಬಿಡುವ ಸ್ವಭಾವಕ್ಕೆ ಬರುತ್ತದೆ, ಹಾಗೇ ಆರಲು ಬಿಟ್ಟರೆ ಮೆತ್ತಗಾಗುತ್ತದೆ. ವೆಲ್ಡಿಂಗಿನದೂ ಇದೇ ಕಥೆ. ಬೆಸುಗೆ ಗಟ್ಟಿ ಇದ್ದರೂ ಬೆಸುಗೆಯ ಅಂಚಿನಲ್ಲಿ, ಬಿಸಿ ತಾಗಿದ ಪಟ್ಟಿಯಲ್ಲಿ ಬಿರುಕು ಹುಟ್ಟುತ್ತದೆ. ಕತ್ತಿ, ಹಾರೆ ಹದ ಮಾಡುವ ಆಚಾರಿಗಳ ಕೈಚಳಕದ ಬಗ್ಗೆ ನನಗೆ ಬಹಳ ಗೌರವವಿದೆ. ಆದರೆ ಹಾರೆ ಮುರಿದರೆ ಕೆಲಸ ನಿಲ್ಲುತ್ತದೆ, ಸ್ಟೇರಿಂಗ್ ಆರ್ಮ್ ಮುರಿದರೆ ಜನ ಉಳಿಯುವುದಿಲ್ಲ. ಬಾಗಿದ, ಬಿರಿದ, ಸವೆದ ಸ್ಟೇರಿಂಗ್ ಭಾಗವನ್ನು ಬದಲಿಸಬೇಕು, ಕಾಯಿಸಿಯೋ ಬೆಸೆದೋ ಸರಿಪಡಿಸಬಾರದು. ಮನೆಯಲ್ಲಿ ಕೂತು ಮಾಡುವವರು ಇದೊಂದರಲ್ಲಿ ರಾಜಿಯಾಗಬಾರದು.

ಎಡ ಸ್ಟೇರಿಂಗ್ ಆರ್ಮ್ ಕಣ್ಣಿಗೆ ಸರಿಯಾಗೇ ಇತ್ತು. ಆದರೂ ಪೆಟ್ಟು ಅದರ ಮೂಲಕವೇ ಹೋಗಿದೆಯಲ್ಲ. ಅದಕ್ಕೆ ಹಳೆಯ ಸೀಮೆಎಣ್ಣೆ ಪರೀಕ್ಷೆ ಮಾಡಿದೆವು. ಆರ್ಮನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ಲಿನಿಂದ ಗ್ರೀಸೆಲ್ಲ ತೊಳೆದು ಒಣಗಿಸಿ, ಬಟ್ಟೆಯಿಂದ ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಡುವುದು. ಬಿರುಕಿದ್ದರೆ ಎಣ್ಣೆ ಒಳಗೆ ಇಳಿದಿರುತ್ತದೆ. ಆಮೇಲೆ ಒಣಬಟ್ಟೆಯಿಂದ ಮೇಲ್ಮೈಯನ್ನು ಪೂರ್ತಿ ಒರೆಸಿ, ಸೀಮೆಸುಣ್ಣದ ಪುಡಿ ತೆಳ್ಳಗೆ ಉಜ್ಜಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಾಯುವುದು. ಬಿರುಕಿನಲ್ಲಿ ಉಳಿದ ಎಣ್ಣೆ ಹೊರಗೆ ಬಂದು ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆ ಮೂಡುತ್ತದೆ. ಟೈ ರಾಡ್ ಕೂರುವ ಕಣ್ಣಿನ ಸುತ್ತ ಮತ್ತು ಆರ್ಮ್ ತಿರುವು ತೆಗೆದುಕೊಳ್ಳುವ ಮೂಲೆಯಲ್ಲಿ ವಿಶೇಷವಾಗಿ ನೋಡಬೇಕು. ಗೆರೆ ಬರಲಿಲ್ಲ. ಈ ಪರೀಕ್ಷೆಗೆ ಮಿತಿ ಇದೆ, ಮೇಲ್ಮೈಗೆ ಬಾಯಿ ತೆರೆದ ಬಿರುಕು ಮಾತ್ರ ಸಿಗುತ್ತದೆ, ಅದರಲ್ಲೂ ತೀರ ಸಣ್ಣದು ತಪ್ಪಿಹೋಗಬಹುದು. ಹಾಗಾಗಿ ಪೇಟೆಯಿಂದ ಬಿರುಕು ಹುಡುಕುವ ಸ್ಪ್ರೇ ಡಬ್ಬಿಗಳನ್ನೂ ತರಿಸಿ, ಕೆಂಪು ಬಣ್ಣ ಹಾಕಿ ಒರೆಸಿ ಬಿಳಿ ಹೊಡೆದು ಇನ್ನೊಮ್ಮೆ ನೋಡಿದೆವು. ಆರ್ಮ್ ಬಾಗಿಲ್ಲ ಎಂಬುದನ್ನು ಎಡಬಲ ಎರಡರ ಅಳತೆ ತಾಳೆ ನೋಡಿ ಖಚಿತ ಮಾಡಿಕೊಂಡ ಮೇಲೆ ಅದನ್ನು ಉಳಿಸಿಕೊಂಡೆವು. ಎಳ್ಳಷ್ಟು ಸಂಶಯ ಇದ್ದಿದ್ದರೂ ಬದಲಿಸುತ್ತಿದ್ದೆವು.

ಕಳಚಿದ್ದು, ಕೂರಿಸಿದ್ದು

ಟೈ ರಾಡ್ ಎಂಡ್ (ತುದಿಯ ಜಾಯಿಂಟ್) ಕಳಚುವಾಗ ಜನ ಸಾಮಾನ್ಯವಾಗಿ ಕಷ್ಟಪಡುತ್ತಾರೆ. ಅದರ ಪಿನ್ ಟೇಪರ್ ಆಗಿ (ಒಂದು ತುದಿಗೆ ಸಪೂರವಾಗುತ್ತ), ಆರ್ಮಿನ ಕಣ್ಣಿನಲ್ಲಿ ಕಚ್ಚಿ ಕೂತಿರುತ್ತದೆ. ಸ್ಪ್ಲಿಟ್ ಪಿನ್ (ನಟ್ಟು ತಿರುಗದಂತೆ ತಡೆಯುವ ಕಡ್ಡಿ) ತೆಗೆದು, ಕ್ಯಾಸಲ್ ನಟ್ಟನ್ನು (ಅಂಚಿನಲ್ಲಿ ಸಂದುಗಳಿರುವ ನಟ್ಟು) ಸಡಿಲಿಸಿ, ಪೂರ್ತಿ ತೆಗೆಯದೆ ನಾಲ್ಕು ಮರೆ ಉಳಿಸಬೇಕು. ಆಮೇಲೆ ಆರ್ಮಿನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆಯನ್ನು ಒತ್ತಿ ಹಿಡಿದು, ಎದುರು ಬದಿಗೆ ಇನ್ನೊಂದು ಸುತ್ತಿಗೆಯಿಂದ ಚುರುಕಾಗಿ ಹೊಡೆಯಬೇಕು. ಕಣ್ಣು ಕ್ಷಣಮಾತ್ರ ಹಿಗ್ಗಿ ಪಿನ್ನು ‘ಟಕ್’ ಎಂದು ಬಿಡುತ್ತದೆ. ಪಿನ್ನಿನ ತುದಿಗೆ ಹೊಡೆದರೆ ಮರೆ ಹಾಳಾಗುತ್ತದೆ, ಪಿನ್ನು ಅಲುಗುವುದಿಲ್ಲ. ಗ್ಯಾಸಿನಿಂದ ಕಾಯಿಸುವ ಉಪಾಯವನ್ನು ಇಲ್ಲಿಯೂ ದೂರ ಇಡಬೇಕು.

ಹೊಸ ರಾಡು, ಎರಡು ತುದಿಯ ಜಾಯಿಂಟುಗಳು, ಸೆಂಟರ್ ಬೋಲ್ಟು, ಎಡಬದಿಯ ಯು ಬೋಲ್ಟುಗಳು ಮತ್ತು ನಟ್ಟುಗಳು, ಸ್ಪ್ಲಿಟ್ ಪಿನ್ನುಗಳು ಬೇಕಾದವು. ಹಳೆಯ ಜೀಪಿನ ಬಿಡಿಭಾಗಗಳಲ್ಲಿ ಅಸಲಿ ನಕಲಿ ಎರಡೂ ಓಡಾಡುತ್ತವೆ. ಪೊಟ್ಟಣ ನೋಡಿ ಹೇಳಲಾಗುವುದಿಲ್ಲ, ಆರ್ಮಿನಲ್ಲಿ ಕೂರಿಸಿಯೇ ನೋಡಬೇಕು. ಹೊಸ ಜಾಯಿಂಟಿನ ಟೇಪರಿಗೆ ಮಾರ್ಕರ್ ಪೆನ್ನಿನಿಂದ ಉದ್ದಕ್ಕೆ ಗೆರೆಗಳನ್ನು ಎಳೆದು, ಕಣ್ಣಿಗೆ ತೂರಿಸಿ ಒತ್ತಿ ತಿರುಗಿಸಿ ತೆಗೆದರೆ, ಗೆರೆಗಳು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಉಜ್ಜಿರಬೇಕು. ಒಂದು ತುದಿಯಲ್ಲಿ ಮಾತ್ರ ಉಜ್ಜಿದ್ದರೆ ಟೇಪರ್ ಹೊಂದುತ್ತಿಲ್ಲ, ನಟ್ಟು ಎಷ್ಟೇ ಬಿಗಿದರೂ ಒಳಗೆ ಆಡುತ್ತಲೇ ಇರುತ್ತದೆ. ನಮಗೆ ಮೊದಲು ಬಂದ ಜೋಡಿಯಲ್ಲಿ ಒಂದು ಹಾಗಿತ್ತು, ಅಂಗಡಿಗೆ ವಾಪಸ್ ಕಳಿಸಿ ಬೇರೆ ತರಿಸಿದೆವು. ಭಾವನಿಗೆ ಆ ಒಂದು ದಿನದ ತಡ ಹಿಡಿಸಲಿಲ್ಲ. ಆ ಗೆರೆಗಳನ್ನು ತೋರಿಸಿದ ಮೇಲೆ ಅವರೇ ಅಂಗಡಿಗೆ ಫೋನ್ ಮಾಡಿದರು.

ಸ್ಟೇರಿಂಗಿಗೆ ಕೈ ಹಾಕುವ ಮೊದಲು ಸ್ಪ್ರಿಂಗಿನ ಕೆಲಸ ಮುಗಿಯಬೇಕು, ಏಕೆಂದರೆ ಆಕ್ಸಲು ತನ್ನ ಜಾಗಕ್ಕೆ ಬರದೆ ಬೇರೆ ಯಾವ ಅಳತೆಗೂ ಅರ್ಥವಿಲ್ಲ. ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲಿನ ಭಾರವನ್ನು ಬೇರೆ ಜಾಕಿನ ಮೇಲೆ ಇಟ್ಟು, ಯು ಬೋಲ್ಟು ಬಿಚ್ಚಿದೆವು. ಇಲ್ಲಿ ಒಂದು ಎಚ್ಚರಿಕೆ. ಪ್ಲೇಟುಗಳು ಒಂದಕ್ಕೊಂದು ಒತ್ತಿಕೊಂಡು ಬಿಗಿಯಲ್ಲಿರುತ್ತವೆ, ಸೆಂಟರ್ ಬೋಲ್ಟು ತೆಗೆದ ಕ್ಷಣ ಸಿಡಿಯಬಹುದು. ಬೋಲ್ಟಿನ ಎರಡೂ ಪಕ್ಕದಲ್ಲಿ ಗಟ್ಟಿ ಜಿ-ಕ್ಲ್ಯಾಂಪ್ ಹಾಕಿ ಬಿಗಿದ ಮೇಲೆಯೇ ತುಂಡನ್ನು ಹೊಡೆದು ತೆಗೆಯಬೇಕು. ಹೊರಬಂದ ಬೋಲ್ಟು ಎರಡು ತುಂಡಾಗಿತ್ತು. ಮುರಿದ ಮುಖದಲ್ಲಿ ಅರ್ಧ ಭಾಗ ತುಕ್ಕು ಹಿಡಿದು ಕಂದಾಗಿತ್ತು, ಉಳಿದರ್ಧ ಬೂದುಬಣ್ಣದ ಹೊಸ ಮುರಿತ. ಅಂದರೆ ಬೋಲ್ಟು ಮೋರಿಯ ಕಲ್ಲಿಗೂ ಬಹಳ ಮೊದಲೇ ಅರ್ಧ ಬಿರಿದಿತ್ತು, ಕಲ್ಲು ಉಳಿದದ್ದನ್ನು ಮುಗಿಸಿತು. ಅಷ್ಟು ದಿನ ಆ ಗಾಡಿ ಜನರನ್ನು ಹೊತ್ತು ಗುಡ್ಡ ಇಳಿದಿದೆ.

ಹೊಸ ಬೋಲ್ಟು ಹೈ ಟೆನ್ಸೈಲ್ (ಹೆಚ್ಚು ಎಳೆತ ತಡೆಯುವ ಉಕ್ಕಿನದು) ಆಗಿರಬೇಕು, ತಲೆಯ ಗಾತ್ರ ಆಕ್ಸಲ್ ಪ್ಯಾಡಿನ ತೂತಿಗೆ ಸರಿಯಾಗಿ ಹೊಂದಬೇಕು. ಸಾದಾ ಬೋಲ್ಟಿನ ಆರುಮೂಲೆ ತಲೆ ಅಲ್ಲಿ ಕೂರುವುದಿಲ್ಲ. ಯು ಬೋಲ್ಟುಗಳು ಬಿಗಿತಕ್ಕೆ ಹಿಗ್ಗಿರುವುದರಿಂದ ಹಳೆಯದನ್ನು ಮತ್ತೆ ಹಾಕಲಿಲ್ಲ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು, ಗಾಡಿಯ ಭಾರ ಗಾಲಿಗಳ ಮೇಲೆ ಬಂದ ಮೇಲೆ ಕೊನೆಯ ಬಿಗಿತ ಕೊಟ್ಟೆವು. ಮತ್ತೆ ತೂಗುಗುಂಡು ಬಿಟ್ಟು ಅಳೆದಾಗ ಎಡಬಲ ಎರಡೂ ಸಮ ಬಂದವು.

ಟೈ ರಾಡಿನ ಕ್ಯಾಸಲ್ ನಟ್ಟು ಬಿಗಿಯುವಾಗ ನಟ್ಟಿನ ಸಂದು ಪಿನ್ನಿನ ತೂತಿಗೆ ಎದುರಾಗದಿದ್ದರೆ, ಮುಂದಿನ ಸಂದಿನವರೆಗೆ ಇನ್ನಷ್ಟು ಬಿಗಿಯಬೇಕು. ತೂತು ಸಿಗಲೆಂದು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ಮೊಳೆ, ಕಟ್ಟುತಂತಿ ಅದರ ಬದಲಿಗೆ ಆಗುವುದಿಲ್ಲ.

ದಾರದ ಅಲೈನ್‌ಮೆಂಟ್

ಈ ಜೀಪಿನಲ್ಲಿ ಎರಡು ಟೈ ರಾಡ್ ಇರುವುದರ ಲಾಭ ಇಲ್ಲಿ ಸಿಗುತ್ತದೆ, ಒಂದೊಂದು ಗಾಲಿಯನ್ನೂ ಪ್ರತ್ಯೇಕವಾಗಿ ನೇರ ಮಾಡಬಹುದು. ಶುರುವಾಗಬೇಕಾದದ್ದು ಬಾಕ್ಸಿನಿಂದ. ಟೈ ರಾಡುಗಳನ್ನು ಬಿಡಿಸಿಟ್ಟು, ಸ್ಟೇರಿಂಗನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿ ಎಷ್ಟು ಸುತ್ತು ಬರುತ್ತದೆಂದು ಎಣಿಸಿ, ಅದರ ಸರಿಯಾದ ಅರ್ಧಕ್ಕೆ ತಂದು ನಿಲ್ಲಿಸುವುದು. ಬಾಕ್ಸಿನೊಳಗಿನ ಗೇರನ್ನು ನಡುಭಾಗದಲ್ಲಿ ಅತಿ ಕಡಿಮೆ ಪ್ಲೇ ಇರುವಂತೆ ಮಾಡಿರುತ್ತಾರೆ. ನೇರ ಓಡುವಾಗ ಬಾಕ್ಸು ಆ ನಡುಬಿಂದುವಿನಲ್ಲೇ ಇರಬೇಕು. ಕೆಲವರು ಗಾಡಿ ನೇರ ಹೋಗುವಾಗ ಸ್ಟೇರಿಂಗ್ ಚಕ್ರ ಓರೆ ಇದೆಯೆಂದು ಚಕ್ರವನ್ನ ಬಿಚ್ಚಿ ತಿರುಗಿಸಿ ಕೂರಿಸುತ್ತಾರೆ. ನೋಡಲು ಚೆನ್ನಾಗಿರುತ್ತದೆ, ಆದರೆ ಬಾಕ್ಸು ನಡುವಿನಿಂದ ಆಚೆಗೆ ಓಡುತ್ತಿರುತ್ತದೆ; ಪ್ಲೇ ಹೆಚ್ಚು, ಒಂದು ಕಡೆ ತಿರುವು ಕಮ್ಮಿ.

ನಡುಬಿಂದುವಿನಲ್ಲಿ ಸ್ಟೇರಿಂಗನ್ನು ಹಗ್ಗದಿಂದ ಕಟ್ಟಿ, ಹಿಂದಿನ ಗಾಲಿಯ ಎರಡೂ ಅಂಚಿಗೆ ತಾಗಿಸಿ ಮುಂದಕ್ಕೆ ದಾರ ಎಳೆದೆವು. ಈ ಗಾಡಿಯಲ್ಲಿ ಮುಂದಿನ ಎರಡು ಗಾಲಿಗಳ ನಡುವಿನ ಅಂತರ, ಹಿಂದಿನವುಗಳ ಅಂತರ ಒಂದೇ. ಆದ್ದರಿಂದ ಮುಂದಿನ ಟಯರಿನ ಎರಡೂ ಅಂಚು ದಾರಕ್ಕೆ ತಾಗುವವರೆಗೆ ಆಯಾ ಬದಿಯ ಟೈ ರಾಡ್ ತಿರುಗಿಸಿದರೆ ಗಾಲಿ ನೇರವಾದ ಹಾಗೆ.

ಕೊನೆಗೆ ಟೋ-ಇನ್, ಅಂದರೆ ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ತುಸು ಹತ್ತಿರ ಇರುವುದು. ವಿಲ್ಲಿಸ್ ಮಾದರಿಯ ಹಳೆಯ ಜೀಪಿನ ಕೈಪಿಡಿ ಇದಕ್ಕೆ ಕೊಡುವ ಅಳತೆ 3/64ರಿಂದ 3/32 ಇಂಚು, ಸುಮಾರು 1.2ರಿಂದ 2.4 ಮಿಲಿಮೀಟರ್. ಇಷ್ಟು ಸಣ್ಣ ಅಳತೆಯನ್ನು ಟಯರಿನ ಹಲ್ಲಿನ ಮೇಲೆ ಟೇಪ್ ಇಟ್ಟು ಹಿಡಿಯಲಾಗುವುದಿಲ್ಲ. ಗಾಲಿ ಎತ್ತಿ ತಿರುಗಿಸುತ್ತ ಟಯರಿನ ನಡುವೆ ಸೀಮೆಸುಣ್ಣ ಬಳಿದು, ಮರದ ತುಂಡಿಗೆ ಹೊಡೆದ ಮೊಳೆಯನ್ನು ಅಲುಗದಂತೆ ಒತ್ತಿ ಹಿಡಿದರೆ ಬಿಳಿಯ ಮೇಲೆ ಸಪೂರ ಗೆರೆ ಬೀಳುತ್ತದೆ. ಗಾಡಿ ಇಳಿಸಿ, ಮುಂದಕ್ಕೆ ಸ್ವಲ್ಪ ಉರುಳಿಸಿ ಗಾಲಿ ಕೂರಲು ಬಿಟ್ಟು, ಟಯರುಗಳ ಹಿಂಭಾಗದಲ್ಲಿ ಹಬ್ಬಿನ ಎತ್ತರಕ್ಕೆ ಗೆರೆಯಿಂದ ಗೆರೆಗೆ ಅಳೆದು ಅಲ್ಲೊಂದು ಗುರುತು. ಆಮೇಲೆ ಆ ಗುರುತು ಮುಂಭಾಗಕ್ಕೆ ಬರುವವರೆಗೆ ಗಾಡಿಯನ್ನು ಮುಂದಕ್ಕೆ ತಳ್ಳಿ ಅದೇ ಜಾಗದಲ್ಲಿ ಮತ್ತೆ ಅಳತೆ. ಟಯರಿನ ಒಂದೇ ಬಿಂದುವನ್ನು ಎರಡು ಸಲ ಅಳೆಯುವುದರಿಂದ ಡಿಸ್ಕಿನ ಸೊಟ್ಟ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ರಾಡನ್ನು ಸಮಸಮವಾಗಿ ತಿರುಗಿಸಿ 2 ಮಿಲಿಮೀಟರಿಗೆ ತಂದು ಕ್ಲ್ಯಾಂಪ್ ಬಿಗಿದೆವು. ಎರಡೂ ತುದಿಗೆ ತಿರುಗಿಸಿದಾಗ ಟಯರು ಸ್ಪ್ರಿಂಗಿಗೆ ತಾಗುವುದಿಲ್ಲ, ಬ್ರೇಕ್ ಹೋಸು ಎಳೆಯುವುದಿಲ್ಲ ಎಂದು ನೋಡಿಕೊಂಡೆವು.

ಓಡಿಸಿ ನೋಡಿದ್ದು ಮೊದಲು ಅಂಗಳದಲ್ಲಿ, ನಡಿಗೆಯ ವೇಗದಲ್ಲಿ. ಆಮೇಲೆ ಖಾಲಿ ಗಾಡಿಯಲ್ಲಿ ಮೇಲಿನ ತೋಟಕ್ಕೆ, ಕೊನೆಗೆ ಊರಿನ ಡಾಂಬರು ರಸ್ತೆಗೆ. ಎಳೆತ ಹೋಗಿತ್ತು, ತಿರುವಿನ ನಂತರ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುತ್ತಿತ್ತು. ಡಾಂಬರಿನ ಮೇಲೆ ವೇಗ ಏರಿದಾಗ ಮಾತ್ರ ಕೈಗೆ ನಡುಕ ಬರುತ್ತಿತ್ತು. ಸೊಟ್ಟ ಡಿಸ್ಕಿನ ಮೇಲೆ ಸಂಶಯವಿದ್ದುದರಿಂದ ಆ ಗಾಲಿ ಬಿಚ್ಚಿ ಸ್ಟೆಪ್ನಿ ಹಾಕಿದೆವು, ನಡುಕ ನಿಂತಿತು. ಮುಂದೆ ಪೇಟೆಗೆ ಹೋದಾಗ ಅಲೈನ್‌ಮೆಂಟ್ ಅಂಗಡಿಯಲ್ಲೂ ತೋರಿಸಿದರು, ದಾರದ ಅಳತೆಯನ್ನು ಅಲ್ಲಿ ಬದಲಿಸಬೇಕಾಗಲಿಲ್ಲ.

ಬೋರ್ಡೋ ಹೊಡೆಯುವ ಕೆಲಸಕ್ಕೆ ಜೀಪು ಹೋಯಿತು, ಡ್ರಮ್ಮು ಅರ್ಧ ಮಾತ್ರ ತುಂಬಿಸಿ. ಮೊದಲ ಕೆಲವು ಲೋಡಿನ ನಂತರ ಯು ಬೋಲ್ಟಿನ ನಟ್ಟುಗಳನ್ನು ಮತ್ತೆ ನೋಡಿದಾಗ ನಾಲ್ಕೂ ಸ್ವಲ್ಪ ಸ್ವಲ್ಪ ತಿರುಗಿದವು. ಹೊಸ ಬೋಲ್ಟು ಹಾಕಿದಾಗ ಪ್ಲೇಟುಗಳು ಒತ್ತಿ ಕೂರುವುದರಿಂದ ಇದು ಆಗಲೇಬೇಕಾದದ್ದು. ಬಲಬದಿಯ ಸ್ಪ್ರಿಂಗನ್ನೂ ಅದೇ ದಿನ ತಂತಿ ಬ್ರಷ್ ಹಾಕಿ ಪರೀಕ್ಷಿಸಿ, ಅಲ್ಲಿಯೂ ಸಡಿಲ ಕಂಡ ನಟ್ಟುಗಳನ್ನು ಬಿಗಿದೆವು. ಬಾಗಿದ ರಾಡನ್ನು ಯಾರೂ ಮತ್ತೆ ನೆಟ್ಟಗೆ ಮಾಡಿ ಹಾಕದಂತೆ ನಡುವೆ ಕೊಯ್ದು ಗುಜರಿಗೆ ಕೊಟ್ಟರು. ಉಳಿದದ್ದು ಬೆಲ್ ಕ್ರ್ಯಾಂಕಿನ ಬುಷ್ಷು. ಪ್ಲೇ ಸದ್ಯ ಅಲ್ಪವೇ ಇರುವುದರಿಂದ ಲೋಡು ಕಮ್ಮಿ, ವೇಗ ಕಮ್ಮಿ, ವಾರಕ್ಕೊಮ್ಮೆ ಗ್ರೀಸು ಎಂದು ಮಾಡಿಕೊಂಡಿದ್ದಾರೆ. ಬುಷ್ಷು, ಪಿನ್ನು ತರಿಸಿಟ್ಟಾಗಿದೆ, ಔಷಧಿ ಕೆಲಸ ಮುಗಿದ ಕೂಡಲೇ ಬಿಚ್ಚುತ್ತೇವೆ.